ಅಣಬೆ ಕ್ರೀಮ್ ಅಂತ ಕೊಡುವ ಬಿಳಿ ಡಬ್ಬಿ, ದಯವಿಟ್ಟು ಯಾರೂ ಹಚ್ಬೇಡಿ

ಮುಂಬೈ, ಠಾಣೆ ಕಡೆ ಇರುವ ನಮ್ಮ ಕನ್ನಡದ ಅಕ್ಕ ತಂಗಿಯರೆಲ್ಲ ಇದನ್ನು ಪೂರ್ತಿ ಓದಿ. ನಾನು ಡೊಂಬಿವಲಿಯಲ್ಲಿರುದು, ಊರು ಕುಂದಾಪುರದ ಹತ್ರ. ಎರಡನೇ ಹೆರಿಗೆ ಆದ ಮೇಲೆ ನನ್ನ ಎರಡೂ ಕೆನ್ನೆಗೆ ಭಂಗು ಬಂತು, ಮೂರು ವರ್ಷ ಆದ್ರೂ ಹೋಗ್ಲಿಲ್ಲ, ಅದಕ್ಕೆ ಎಂತೆಲ್ಲ ಹಚ್ಚಿದೆ ಅಂತ ಹೇಳ್ಲಿಕ್ಕೆ ಕೂತ್ರೆ ಇವತ್ತು ಮುಗಿಯುದಿಲ್ಲ.

ಕಳೆದ ನವರಾತ್ರಿಗೆ ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಪರಿಚಯದ ಒಬ್ರು, ನಮ್ಮ ಕಡೆಯವರೇ, ಒಂದು ಚಿಕ್ಕ ಬಿಳಿ ಡಬ್ಬಿ ತೋರಿಸಿದ್ರು. ಅಣಬೆಯಿಂದ ಮಾಡಿದ ಕ್ರೀಮ್, ಪೂರಾ ನ್ಯಾಚುರಲ್, ಕೆಮಿಕಲ್ ಒಂದು ಚೂರೂ ಇಲ್ಲ, ಕೊರಿಯಾದವರ ಮುಖ ಹೊಳೆಯುದು ಇದ್ರಿಂದಲೇ ಅಂತ ಹೇಳಿದ್ರು. 30 ಗ್ರಾಮಿಗೆ 650 ರೂಪಾಯಿ. ಡಬ್ಬಿ ಮೇಲೆ ಅಣಬೆ ಚಿತ್ರದ ಒಂದು ಸ್ಟಿಕ್ಕರ್ ಬಿಟ್ರೆ ಬೇರೆ ಎಂತದೂ ಬರ್ದಿರ್ಲಿಲ್ಲ, ನನಗೆ ಆಗ ಅದು ತಲೆಗೇ ಹೋಗ್ಲಿಲ್ಲ. ಅಣಬೆ ಅಂದ ಕೂಡ್ಲೇ ನನಗೆ ಊರು ನೆನಪಾಗುದು. ಮೊದಲ ಮಳೆ ಗುಡುಗಿದ ಮೇಲೆ ಹಾಡಿಯಲ್ಲಿ ಮಣ್ಣು ಕೆದಕಿ ಕಲ್ಲಣಬೆ ತರುದು, ಅಮ್ಮ ಅದನ್ನು ಏಳೆಂಟು ನೀರಲ್ಲಿ ತೊಳೆದು ಸುಕ್ಕ ಮಾಡುದು, ಕಚ್ಚಿದ್ರೆ ಹಲ್ಲಿಗೆ ಟಪ್ಪಂತ ಒಡೆಯುದು. ಅಂಥ ವಸ್ತು ಮುಖಕ್ಕೆ ಕೆಟ್ಟದ್ದು ಮಾಡ್ತದೆ ಅಂತ ಎಣಿಸ್ಲಿಕ್ಕೇ ಆಗ್ಲಿಲ್ಲ.

ಹಚ್ಚಿದೆ. ಎಂಟೇ ದಿನದಲ್ಲಿ ಭಂಗು ಅರ್ಧಕ್ಕರ್ಧ ಮಾಸಿತು, ಮುಖ ಗಾಜಿನ ಹಾಗೆ ನುಣ್ಣಗೆ, ಟ್ರೇನಲ್ಲಿ ದಿನಾ ಒಟ್ಟಿಗೆ ಬರುವ ಹುಡುಗಿಯರು ಎಂತ ಹಚ್ತೀರಿ ಆಂಟಿ ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು, ನಾನು ಖುಷಿಯಲ್ಲಿ ಇಬ್ಬರಿಗೆ ಕ್ರೀಮ್ ಕೊಡುವವ್ರ ನಂಬರ್ ಸಹ ಕೊಟ್ಟೆ, ಅದು ನೆನಪಾದ್ರೆ ಈಗ್ಲೂ ಹೊಟ್ಟೆ ಉರೀತದೆ. ಮೂರು ಡಬ್ಬಿ ಮುಗೀತು. ಜನವರಿಯಲ್ಲಿ ಡಬ್ಬಿ ಕೊಡುವವ್ರು ಊರಿಗೆ ಹೋಗಿದ್ರಿಂದ ನಾಲ್ಕನೇದು ಸಿಗ್ಲಿಲ್ಲ.

ನಿಲ್ಲಿಸಿ ನಾಲ್ಕನೇ ದಿನ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಬಾಣಲೆಯ ಹಬೆ ಮುಖಕ್ಕೆ ತಾಗಿದ್ದೇ ತಡ ಮೆಣಸಿನ ಪುಡಿ ಉಜ್ಜಿದ ಹಾಗೆ ಉರಿ. ಕನ್ನಡಿ ನೋಡಿದ್ರೆ ಮೂಗಿನ ಎರಡೂ ಬದಿ, ಗಲ್ಲ, ಕೆನ್ನೆ ಎಲ್ಲ ಕೆಂಪು, ಚರ್ಮ ಎಷ್ಟು ತೆಳು ಆಗಿತ್ತಂದ್ರೆ ಒಳಗಿನ ಸಪೂರ ಕೆಂಪು ನರ ಜೇಡನ ಬಲೆ ಹಾಗೆ ಕಾಣ್ತಿತ್ತು. ಒಂದು ವಾರದಲ್ಲಿ ತುಂಬ ಸಣ್ಣ ಸಣ್ಣ ಗುಳ್ಳೆ, ಕೆನ್ನೆಯಲ್ಲಿ ರೋಮ. ಡೊಂಬಿವಲಿ ಪ್ಲಾಟ್‌ಫಾರ್ಮಲ್ಲಿ ಬಿಸಿಲು ಬೀಳುವ ಕಡೆ ಎರಡು ನಿಮಿಷ ನಿಲ್ಲಿಕ್ಕೆ ಆಗ್ತಿರ್ಲಿಲ್ಲ. ಮಗಳು ಮುತ್ತು ಕೊಡ್ಲಿಕ್ಕೆ ಬಂದ್ರೆ ನಾನೇ ಮುಖ ತಿರುಗಿಸ್ತಿದ್ದೆ, ಅವಳು ಅಮ್ಮಂಗೆ ಕೋಪ ಅಂತ ತಿಳ್ಕೊಂಡು ಅಳ್ತಿದ್ಲು.

ಚರ್ಮದ ಡಾಕ್ಟ್ರು ಮುಖ ನೋಡಿ ಮೊದಲು ಕೇಳಿದ್ದೇ ಎಷ್ಟು ದಿನದಿಂದ ಸ್ಟೀರಾಯ್ಡ್ ಹಚ್ತಿದ್ದೀರಿ ಅಂತ. ಇಲ್ಲ ಡಾಕ್ಟ್ರೇ, ಅಣಬೆ ಅಂದೆ. ಅವ್ರು ಖಾಲಿ ಡಬ್ಬಿ ಮೂಸಿ ನೋಡಿ, ಲ್ಯಾಬಲ್ಲಿ ಟೆಸ್ಟ್ ಮಾಡದೆ ಒಳಗೆ ಯಾವುದುಂಟು ಅಂತ ಹೇಳ್ಲಿಕ್ಕೆ ಬರುದಿಲ್ಲ, ಆದ್ರೆ ಈ ಮುಖ ಸ್ಟೀರಾಯ್ಡಿಂದ ಹಾಳಾದ ಮುಖವೇ ಅಂದ್ರು. ಸ್ಟೀರಾಯ್ಡ್ ರಕ್ತನಾಳ ಬಿಗಿ ಮಾಡ್ತದೆ, ಬಣ್ಣವನ್ನೂ ತಗ್ಗಿಸ್ತದೆ, ಹಾಗಾಗಿ ವಾರದಲ್ಲಿ ಬೆಳ್ಳಗೆ ಕಾಣುದು. ತಿಂಗಳುಗಟ್ಲೆ ಹಚ್ಚಿದ್ರೆ ಚರ್ಮ ತೆಳು ಆಗ್ತದೆ, ಬಿಟ್ಟ ಕೂಡ್ಲೇ ಉರಿ ತಿರುಗಿ ಬರ್ತದೆ. ಅದಕ್ಕೇ ಜನ ಪುನಃ ಅದೇ ಡಬ್ಬಿ ಹುಡ್ಕೊಂಡು ಹೋಗುದು.

ಇಷ್ಟೆಲ್ಲ ಆದ ಮೇಲೆ ಅಣಬೆ ಬಗ್ಗೆ ನಾನು ಕೂತು ಓದಿದೆ. ಅಣಬೆ ಕೆಟ್ಟದ್ದಲ್ಲ, ಅದು ನಿಜಕ್ಕೂ ಕೆಲಸ ಮಾಡ್ತದೆ, ಆದ್ರೆ ಅದರ ಕೆಲಸ ಬೇರೆ. ಚೀನಾ, ಜಪಾನಿನವರು ತಿನ್ನುವ ಬಿಳಿ ಲೋಳೆ ಲೋಳೆ ಟ್ರೆಮೆಲ್ಲ ಅಣಬೆ ನೀರು ಹಿಡಿದಿಡ್ತದೆ, ಒಣ ಚರ್ಮ ಮೆದು ಆಗ್ತದೆ, ಅಷ್ಟೇ. ಭಂಗಿಗೆ ಹೇಳುವ ಕೋಜಿಕ್ ಆಸಿಡ್ ಕೊಡೆ ಹಾಗಿರುವ ಅಣಬೆಯಿಂದ ಸಿಕ್ಕಿದ್ದಲ್ಲ, ಜಪಾನಿನವರು ಅನ್ನಕ್ಕೆ ಹಾಕಿ ಹುದುಗಿಸುವ ಕೋಜಿ ಬೂಸ್ಟಿನಿಂದ 1907ರಲ್ಲಿ ಸಿಕ್ಕಿದ್ದು. ಚರ್ಮದಲ್ಲಿ ಕಪ್ಪು ಬಣ್ಣ ತಯಾರಾಗ್ಲಿಕ್ಕೆ ಬೇಕಾದ ಟೈರೋಸಿನೇಸ್ ಅಂತ ಒಂದು ಕಿಣ್ವ ಉಂಟು, ಅದನ್ನು ಇದು ತಡೀತದೆ. ಆದ್ರೆ ವಾರಗಟ್ಲೆ ಬೇಕು, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚದಿದ್ರೆ ಅದೂ ವ್ಯರ್ಥ. ಇದೂ ಕೆಲವರಿಗೆ ತುರಿಕೆ ತರ್ತದೆ, ಯುರೋಪಲ್ಲಿ ಮುಖದ ಕ್ರೀಮಿಗೆ 1 ಪರ್ಸೆಂಟಿಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಎಂಟು ದಿನದಲ್ಲಿ ಮೂರು ವರ್ಷದ ಭಂಗು ಮಾಸಿದ್ರೆ ಅದು ಅಣಬೆ ಮಾಡಿದ ಕೆಲಸ ಅಲ್ಲವೇ ಅಲ್ಲ, ಇದೊಂದು ಮಾತು ನನಗೆ ಆವತ್ತೇ ಯಾರಾದ್ರೂ ಹೇಳ್ಬೇಕಿತ್ತು.

ನಮ್ಮ ದೇಶದಲ್ಲೇ ತಯಾರಿಸಿ ಮಾರುವ ಕ್ರೀಮಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸ್ಬೇಕು ಅಂತ ತಾರೀಕು, ಒಳಗೆ ಎಂತೆಂತ ಹಾಕಿದ್ದಾರೆ ಅನ್ನುವ ಪಟ್ಟಿ, ಎಲ್ಲ ಇರ್ಲೇಬೇಕು, 2020ರ ಕಾಸ್ಮೆಟಿಕ್ಸ್ ರೂಲ್ಸಲ್ಲಿ ಉಂಟು. ಪಟ್ಟಿಯಲ್ಲಿ ಅಣಬೆಯ ಹೆಸರು ಕೊನೇ ಸಾಲಲ್ಲಿ ಇದ್ರೆ ಹಾಕಿದ್ದು ಹೆಸರಿಗೆ ಮಾತ್ರ. ಯಾವ ಪಟ್ಟಿಯೂ ಇಲ್ಲದ ಡಬ್ಬಿಯನ್ನು ದೇವರಂಥವರೇ ಕೊಟ್ರೂ ತಗೊಳ್ಬೇಡಿ.

ನನ್ನ ಕಥೆ ಕೇಳಿ ಪಕ್ಕದ ಬಿಲ್ಡಿಂಗಿನ ಅಕ್ಕ ಒಬ್ರು ಹಾಗಾದ್ರೆ ನಾನೇ ಶಿಟಾಕೆ ಅಣಬೆ ಹಸಿ ರುಬ್ಬಿ ಹಚ್ತೇನೆ, ಜ್ಯೂಸೂ ಕುಡೀತೇನೆ ಅಂದ್ರು. ಬೇಡ ಅಕ್ಕ. ಶಿಟಾಕೆ ಹಸಿ ಅಥ್ವಾ ಅರ್ಧ ಬೇಯಿಸಿ ತಿಂದ್ರೆ ಕೆಲವರಿಗೆ ಮೈಯಲ್ಲೆಲ್ಲ ಚಾಟಿಯಲ್ಲಿ ಹೊಡೆದ ಹಾಗೆ ಕೆಂಪು ಬರೆ ಏಳ್ತದೆ, ಜಪಾನಿನ ಡಾಕ್ಟ್ರು 1977ರಲ್ಲೇ ಬರ್ದಿದ್ದಾರೆ. ಮತ್ತೆ ಈ ಮಳೆಗಾಲದಲ್ಲಿ ನಮ್ಮ ಮುಂಬೈ ತೇವಕ್ಕೆ ಉಪ್ಪೇ ನೀರಾಗ್ತದೆ, ಅಣಬೆ ಪುಡಿ ತಂದಿಟ್ರೆ ಅದರ ಮೇಲೆ ಬೇರೆ ಬೂಸ್ಟು ಬರ್ಲಿಕ್ಕೆ ಎಷ್ಟು ಹೊತ್ತು? ಅದನ್ನು ಮುಖಕ್ಕೆ ಹಚ್ಚುದಾ?

ಈಗ ಐದು ತಿಂಗಳಾಯ್ತು. ಉರಿ ಕಮ್ಮಿ ಆಗಿದೆ, ಕೆಂಪು ಪೂರ್ತಿ ಹೋಗ್ಲಿಲ್ಲ, ಭಂಗು ಮೊದಲಿಗಿಂತ ಗಾಢ ಆಗಿ ತಿರುಗಿ ಬಂದಿದೆ. ಆ ಟ್ರೇನಿನ ಇಬ್ಬರಲ್ಲಿ ಒಬ್ಬಳು ಸಿಕ್ಕಿದ್ಲು, ಕೈ ಹಿಡ್ಕೊಂಡು ಹೇಳಿದೆ, ಅವಳು ಡಾಕ್ಟ್ರ ಹತ್ರ ಹೋಗಿದ್ದಾಳೆ. ಇನ್ನೊಬ್ಬಳು ಠಾಣೆಯಿಂದ ಬೇರೆ ಕಡೆ ಮನೆ ಮಾಡಿದ್ಲಂತೆ, ನಂಬರ್ ತಾಗ್ತಾ ಇಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಬಲಗೆನ್ನೆಯಲ್ಲಿ ಮೊಡವೆ ಕಲೆ ಇತ್ತು, ಯಾರಿಗಾದ್ರೂ ಗುರ್ತ ಸಿಕ್ಕಿದ್ರೆ ದಯವಿಟ್ಟು ಇದನ್ನು ಅವಳಿಗೆ ತಲುಪಿಸಿ.

ಈಗ್ಲೂ ಇಂಥದ್ದು ಹಚ್ತಾ ಇದ್ರೆ ನೀವೇ ನೀವೇ ಒಮ್ಮೆಲೇ ನಿಲ್ಲಿಸ್ಲಿಕ್ಕೆ ಹೋಗ್ಬೇಡಿ, ಇವತ್ತೇ ಚರ್ಮದ ಡಾಕ್ಟ್ರಿಗೆ ತೋರಿಸಿ, ಹೇಗೆ ಬಿಡ್ಬೇಕು ಅಂತ ಅವ್ರೇ ಹೇಳ್ತಾರೆ. ಮತ್ತೆ ಡಬ್ಬಿ ಎಸೀಬೇಡಿ. ನನ್ನದು ಖಾಲಿ. ನಿಮ್ಮದ್ರಲ್ಲಿ ಒಂದು ಚಮಚ ಉಳಿದಿದ್ರೂ ಸಾಕು, ಒಟ್ಟಿಗೆ ಎಫ್‌ಡಿಎ ಆಫೀಸಿಗೆ, ಅಂದ್ರೆ ಮದ್ದು, ಕ್ರೀಮಿನ ಮೇಲೆ ಕಣ್ಣಿಡುವ ಸರ್ಕಾರದ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಡುವ, ನಾನು ಬರ್ತೇನೆ.