ಹಳೇ ಜೆಟ್ ಸ್ಕಿ ಕೊಳ್ಳುವಾಗ ಇಂಜಿನ್ ನೋಡಿದೆ, ಕೀ ನೋಡಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನೀರಿನ ಮೇಲೆ ಸ್ಕೂಟರಿನ ಹಾಗೆ ಓಡುವ ಈ ಹಳೇ ಗಾಡಿಗಳಲ್ಲಿ ನನ್ನ ಓಟು ಯಮಾಹಾ ವಿಎಕ್ಸ್‌ಗೆ. ಅದೂ ಹೊಸದಲ್ಲ, 2010ರ ಡಿಲಕ್ಸ್. ಬಣ್ಣ ಮಾಸಿದೆ, ಸೀಟಿನ ಒಂದು ಮೂಲೆ ಹರಿದಿದೆ, ಆದರೂ ಭಾನುವಾರ ಬೆಳಿಗ್ಗೆ ನೀರಿಗೆ ಇಳಿಸಿ ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಇದಕ್ಕೂ ಮೊದಲು ಒಂದು ಸೀ-ಡೂ ಜಿಟಿಐಯನ್ನು ಎಂಟು ತಿಂಗಳು ಸಾಕಿ, 90 ಸಾವಿರ ಕಳೆದುಕೊಂಡು ಮಾರಿದೆ. ನಡುವೆ ಗೆಳೆಯನೊಬ್ಬನ ಸೀ-ಡೂ ಸ್ಪಾರ್ಕ್ ಎರಡು ಭಾನುವಾರ ಓಡಿಸಿದೆ. ಮುಂಬೈಗೆ ಹೋಗಿ ಒಂದು ಕವಾಸಾಕಿಯನ್ನೂ ನೋಡಿ ಬಂದೆ. ಹಾಗಾಗಿ ನಾನು ಹೇಳುವುದರಲ್ಲಿ ಸ್ವಲ್ಪ ಸಿಟ್ಟೂ ಇದೆ, ಸ್ವಲ್ಪ ಪಕ್ಷಪಾತವೂ ಇದೆ. ಅದನ್ನು ಕಳೆದು ಓದಿಕೊಳ್ಳಿ.

ಅಂದಹಾಗೆ ಜೆಟ್ ಸ್ಕಿ ಅನ್ನುವುದು ಕವಾಸಾಕಿಯವರ ಬ್ರಾಂಡ್ ಹೆಸರು, ಯಮಾಹಾದವರು ವೇವ್‌ರನ್ನರ್ ಅನ್ನುತ್ತಾರೆ, ಸೀ-ಡೂ ಇನ್ನೊಂದು ಬ್ರಾಂಡ್. ಗೋವಾದ ಬೀಚಿನಲ್ಲಿ ಎಲ್ಲವೂ ಜೆಟ್ ಸ್ಕಿಯೇ. ನನ್ನ ಆಯಿಗೆ ಎಲ್ಲವೂ ನೀರಿನ ಸ್ಕೂಟರ್.

ನಮ್ಮ ಮನೆಯ ಲೆಕ್ಕ ಹೀಗಿದೆ. ಊರು ಅಂಕೋಲೆ, ಮಡಗಾಂವ್‌ನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಕಾರವಾರದ ಭಾವ ಅರ್ಧ ದುಡ್ಡು ಹಾಕಿದ್ದಾನೆ. ಒಟ್ಟು ಬಜೆಟ್ ಆರು ಲಕ್ಷ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೂ ಅಕ್ಕ ಬಿಡುವುದಿಲ್ಲ. ಓಡಿಸುವುದು ದಕ್ಷಿಣ ಗೋವಾದ ಸಾಲ್ ನದಿಯಲ್ಲಿ, ಬೇತುಲ್ ಕಡೆ. ಅಲೆ ಕಡಿಮೆ ಇದ್ದರೆ ಮಾತ್ರ ಅಳಿವೆ ದಾಟಿ ಸ್ವಲ್ಪ ಹೊರಗೆ ಹೋಗುತ್ತೇವೆ. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು, ಅಂದರೆ ಮೂರು ಸೀಟು ಬೇಕೇ ಬೇಕು. ಸ್ಪೀಡಿನ ಹುಚ್ಚು ಭಾವನಿಗೆ ಮಾತ್ರ. ಹಾಗಾಗಿ ಸೂಪರ್‌ಚಾರ್ಜರ್ (ಇಂಜಿನ್‌ಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಭಾಗ) ಇರುವ ಮಾಡೆಲ್‌ಗಳನ್ನು ಮೊದಲ ದಿನವೇ ಪಟ್ಟಿಯಿಂದ ತೆಗೆದೆವು. ಕೆಲವು ಮಾಡೆಲ್‌ಗಳಲ್ಲಿ ಅದನ್ನು ಇಂತಿಷ್ಟು ಗಂಟೆಗೊಮ್ಮೆ ಬಿಚ್ಚಿ ರೀಬಿಲ್ಡ್ ಮಾಡಿಸಬೇಕು, ಹಳೇ ಗಾಡಿಯಲ್ಲಿ ಅದನ್ನು ಹಿಂದಿನವರು ಮಾಡಿಸಿದ್ದರೋ ಇಲ್ಲವೋ ದೇವರಿಗೇ ಗೊತ್ತು.

ಈಗ ಸೀ-ಡೂ ಕತೆ. ಪುಣೆಯ ಒಬ್ಬ ಮಧ್ಯವರ್ತಿಯ ಹತ್ತಿರ 2012ರ ಜಿಟಿಐ 130 ಸಿಕ್ಕಿತು, 5 ಲಕ್ಷ 40 ಸಾವಿರಕ್ಕೆ. 'ಪಾನ್‌ಶೆತ್ ಹಿನ್ನೀರಿನಲ್ಲಿ ಮಾತ್ರ ಓಡಿದ್ದು ಸಾರ್, ಸಿಹಿನೀರಿನ ಗಾಡಿ' ಅಂದ. ಸಿಹಿನೀರು ಅಂದಕೂಡಲೇ ನಮ್ಮ ಬಾಯಲ್ಲೂ ನೀರು ಬಂತು, ಯಾಕೆಂದರೆ ಗೋವಾದಲ್ಲಿ ಸಿಗುವ ಹಳೇ ಗಾಡಿಗಳಲ್ಲಿ ಬಹಳಷ್ಟು ಬೀಚಿನಲ್ಲಿ ಬಾಡಿಗೆಗೆ ದಿನವಿಡೀ ಓಡಿ, ಉಪ್ಪು ಕುಡಿದು ಬಂದವು. ಪಾನ್‌ಶೆತ್‌ಗೇ ಹೋಗಿ ಓಡಿಸಿ ನೋಡಿದೆವು. ನಾನು ಮೋಟಾರ್ ಬಿಚ್ಚುವವನು, ಇಂಜಿನ್ ಆಯಿಲ್ ನೋಡಿದೆ, ಪ್ಲಗ್ ತೆಗೆದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದೆ, ಮೂರೂ ಸಿಲಿಂಡರ್ ಸಮ ಇತ್ತು. ದುಡ್ಡು ಕೊಟ್ಟು, ಬೊಲೆರೋ ಹಿಂದೆ ಟ್ರೇಲರ್ ಕಟ್ಟಿಕೊಂಡು, ಅಂಬೋಲಿ ಘಾಟಿನಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಇಳಿದು ಮನೆಗೆ ತಂದೆವು.

ಸೀ-ಡೂನಲ್ಲಿ ಕೀ ಅಂದರೆ ನಮ್ಮ ಬೈಕಿನ ಥರ ಲೋಹದ ಕೀ ಅಲ್ಲ. ಹಗ್ಗದ ತುದಿಗೆ ಒಂದು ಟೋಪಿಯ ಥರದ ವಸ್ತು ಇರುತ್ತದೆ, ಅದರೊಳಗೆ ಚಿಪ್. ಅದನ್ನು ಹ್ಯಾಂಡಲ್ ಹತ್ತಿರದ ಗುಬ್ಬಿಗೆ ಒತ್ತಿದರೆ ಎರಡು ಸಲ ಬೀಪ್ ಅನ್ನುತ್ತದೆ, ಆಮೇಲೆ ಸ್ಟಾರ್ಟ್ ಆಗುತ್ತದೆ. ಹಗ್ಗದ ಇನ್ನೊಂದು ತುದಿ ಓಡಿಸುವವನ ಜಾಕೆಟ್‌ಗೆ, ಅವನು ಬಿದ್ದರೆ ಕೀ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಒಳ್ಳೇ ಏರ್ಪಾಡು. ಆದರೆ ಆ ಚಿಪ್ಪಿನ ಕೋಡ್ ಆ ಗಾಡಿಯ ಕಂಪ್ಯೂಟರಿನಲ್ಲಿ ಮೊದಲೇ ಬರೆದಿರಬೇಕು. ಬೇರೆ ಗಾಡಿಯ ಕೀ ಹಾಕಿದರೆ ಅಲ್ಲಾಡುವುದಿಲ್ಲ. ಇನ್ನೂ ಒಂದು ಇದೆ, ಕಲಿಯುವವರಿಗೆ ಅಂತ ಬೇರೆಯದೇ ಹಸಿರು ಕೀ ಬರುತ್ತದೆ, ಅದನ್ನು ಹಾಕಿದರೆ ಗಾಡಿ ಒಂದು ಮಿತಿಗಿಂತ ಜೋರಾಗಿ ಓಡುವುದಿಲ್ಲ.

ಪುಣೆಯಲ್ಲಿ ಓಡಿಸಿ ತೋರಿಸಿದ್ದು ಮಾಮೂಲಿ ಕೀಯಲ್ಲಿ. ಮನೆಗೆ ಬಂದು ಚೀಲ ಬಿಚ್ಚಿದರೆ ಒಳಗೆ ಹಸಿರು ಕೀ!

ಮೊದಲ ಭಾನುವಾರ ನಮಗೆ ಅದೂ ಗೊತ್ತಾಗಲಿಲ್ಲ ನೋಡಿ. ಭಾವ ಥ್ರೊಟಲ್ ಎಷ್ಟು ಒತ್ತಿದರೂ ಗಾಡಿ ಮದುವೆ ದಿಬ್ಬಣದ ಹಾಗೆ ಹೋಗುತ್ತಿತ್ತು. ಇಂಪೆಲ್ಲರ್ (ನೀರನ್ನು ಹಿಂದಕ್ಕೆ ತಳ್ಳುವ ಚಕ್ರ) ಸವೆದಿದೆ, ಪೆಟ್ರೋಲಿನಲ್ಲಿ ನೀರಿದೆ, ಹೀಗೆ ಇಬ್ಬರೂ ಏನೇನೋ ಊಹಿಸಿದೆವು. ಕೊನೆಗೆ ಬೇತುಲ್‌ನ ಔಟ್‌ಬೋರ್ಡ್ ಮಿಸ್ತ್ರಿಯೊಬ್ಬ, ಮೀನುಗಾರರ ದೋಣಿಯ ಹಿಂದೆ ಕಟ್ಟುವ ಇಂಜಿನ್ ರಿಪೇರಿ ಮಾಡುವವನು, ಸುತ್ತ ಒಂದು ಸಲ ನೋಡಿ ನಕ್ಕ. 'ಪಾತ್ರಾಂವ್, ಮಶೀನ್ ಬರೆಂ ಆಸಾ, ಪುಣ್ ಚಾವಿ ನಾ' ಅಂದ. ಗಾಡಿ ಚೆನ್ನಾಗಿದೆ, ಕೀ ಮಾತ್ರ ಇಲ್ಲ ಅಂತ.

ಪುಣೆಯವನಿಗೆ ಫೋನ್ ಮಾಡಿದೆ. 'ನಾಳೆ ಕೊರಿಯರ್ ಮಾಡ್ತೀನಿ ಸಾರ್.' ಆ ನಾಳೆ ಬರಲು ಎರಡು ತಿಂಗಳು ಬೇಕಾಯಿತು. ಕೊನೆಗೂ ಒಂದು ಕೀ ಬಂತು, ಹಳದಿ ಬಣ್ಣದ್ದು. ಮಗಳು ಕುಣಿದಾಡಿದಳು. ಒತ್ತಿದೆ. ಎರಡು ಬೀಪ್ ಬರಲಿಲ್ಲ. ಒರೆಸಿ ಒತ್ತಿದೆ, ಊದಿ ಒತ್ತಿದೆ, ಭಾವ ಒತ್ತಿದ, ಅಕ್ಕನೂ ಒತ್ತಿ ನೋಡಿದಳು. ಅದು ಬೇರೆ ಯಾವುದೋ ಗಾಡಿಯ ಕೀ. ಅವನಿಗೆ ಮತ್ತೆ ಫೋನ್ ಮಾಡಿದರೆ 'ಪ್ರೋಗ್ರಾಂ ಮಾಡಿಸಿಕೊಳ್ಳಿ ಸಾರ್, ಐದು ನಿಮಿಷದ ಕೆಲಸ' ಅಂದ. ಐದು ನಿಮಿಷದ ಕೆಲಸವೇ, ಸುಳ್ಳಲ್ಲ. ಆದರೆ ಅದಕ್ಕೆ ಕಂಪನಿಯ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಬೇಕು, ಅದು ಇರುವ ಮನುಷ್ಯ ನನಗೆ ಸಿಕ್ಕಿದ್ದು ಮುಂಬೈಯಲ್ಲಿ. ಬರಲು 18 ಸಾವಿರ ಕೇಳಿದ, ರೈಲು ಚಾರ್ಜ್ ಬೇರೆ. ಏಪ್ರಿಲ್‌ನಲ್ಲಿ ಬರ್ತೀನಿ ಅಂದವನು ಮೇ ಅಂದ, ಮೇ ಕೊನೆಗೆ ಮಳೆ ಮೋಡ ಬಂತು. ಜೂನ್‌ನಿಂದ ಗಾಡಿ ಶೆಡ್ಡಿನಲ್ಲಿ ಕುಳಿತಿತು.

ನಿಧಾನ ಓಡುವುದು ನಮಗೆ ದೊಡ್ಡ ಸಮಸ್ಯೆ ಅಲ್ಲ, ನಿಜ ಹೇಳಬೇಕೆಂದರೆ ಹೆಂಡತಿಗೆ ಖುಷಿಯೇ ಆಗಿತ್ತು. ಆದರೆ ಇದ್ದ ಆ ಒಂದೇ ಒಂದು ಹಸಿರು ಕೀ ನೀರಿಗೆ ಬಿದ್ದು ಹೋದರೆ ಐದೂವರೆ ಲಕ್ಷದ ಗಾಡಿ ದೋಣಿಗೂ ಕಡೆ. ಪ್ರತಿ ಸಲ ಹೊರಡುವಾಗ ಅದನ್ನು ಮಂಗಳಸೂತ್ರದ ಹಾಗೆ ಕಾಯುವುದು, ಬಂದ ಮೇಲೆ ದೇವರ ಗೂಡಿನಲ್ಲಿ ಇಡುವುದು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ಟಾರ್ಚ್ ಹಾಕಿ ಇಂಜಿನ್ನಿನ ಅಡಿ ನೋಡಿದಾಗ ಇನ್ನೊಂದು ಗೊತ್ತಾಯಿತು. ಬ್ರಾಕೆಟ್ ಸಂದಿಯಲ್ಲೆಲ್ಲ ಬಿಳಿ ಉಪ್ಪಿನ ಹೊಪ್ಪಳೆ. ಪಾನ್‌ಶೆತ್‌ನಲ್ಲಿ ಉಪ್ಪು ಎಲ್ಲಿಂದ ಬಂತು ಮಾರಾಯ, ಅಂತ ಭಾವ ಕೇಳಿದ. ಅಕ್ಟೋಬರ್‌ನಲ್ಲಿ ಕೀ ಕತೆ, ಉಪ್ಪಿನ ಕತೆ ಎರಡನ್ನೂ ಹೇಳಿಯೇ 4 ಲಕ್ಷ 75 ಸಾವಿರಕ್ಕೆ ಮಾರಿದೆ. ಕಳೆದುಕೊಂಡ 90 ಸಾವಿರದಲ್ಲಿ ಉಳಿದ 25 ಸಾವಿರ ಓಡಾಟ, ಕೊರಿಯರ್, ಫೋನು, ಚಹಾ.

ಇದರಲ್ಲಿ ಗಾಡಿಯ ತಪ್ಪಿಲ್ಲ. ಮಾರಿದವನದು ತಪ್ಪು, ಎರಡು ಕೀ ಕೇಳದೆ ದುಡ್ಡು ಎಣಿಸಿದ ನನ್ನದು ಇನ್ನೂ ದೊಡ್ಡ ತಪ್ಪು. ಗಾಡಿಯಾಗಿ ನೋಡಿದರೆ ಎರಡು ವಿಷಯದಲ್ಲಿ ಜಿಟಿಐ ನನ್ನ ವಿಎಕ್ಸ್‌ಗಿಂತ ಮೇಲು. ಒಂದು, ಅದರ ಇಂಜಿನ್ ಕೂಲಿಂಗ್ ಕಾರಿನ ಥರ, ಒಳಗೆ ಕೂಲೆಂಟ್ ಸುತ್ತುತ್ತದೆ, ಸಮುದ್ರದ ನೀರು ಇಂಜಿನ್ ಬ್ಲಾಕಿನೊಳಗೆ ಹೋಗುವುದಿಲ್ಲ. ವಿಎಕ್ಸ್‌ನಲ್ಲಿ ಹೊರಗಿನ ಉಪ್ಪು ನೀರೇ ಒಳಗೆ ಸುತ್ತಿ ಬರುತ್ತದೆ. ಇನ್ನೊಂದು, ಬ್ರೇಕ್. ಎಡಗೈ ಲಿವರ್ ಎಳೆದರೆ ಹಿಂದೆ ಚಿಮ್ಮುವ ನೀರಿಗೆ ಅಡ್ಡವಾಗಿ ಬಕೆಟ್ ಥರದ ಮುಚ್ಚಳ ಇಳಿದು ಗಾಡಿ ನಿಧಾನವಾಗುತ್ತದೆ, ಸ್ಟಾರ್ಟ್ ಮಾಡಿದಾಗ ನ್ಯೂಟ್ರಲ್‌ನಲ್ಲಿ ನಿಲ್ಲುತ್ತದೆ. ನನ್ನ ವಿಎಕ್ಸ್ ಸ್ಟಾರ್ಟ್ ಆದ ಕ್ಷಣವೇ ಮುಂದಕ್ಕೆ ಜಾರುತ್ತದೆ. ಜೆಟ್ಟಿಯ ಹತ್ತಿರ ಮೀನುಗಾರರ ದೋಣಿಗಳ ನಡುವೆ ಮೊದಲ ಎರಡು ವಾರ ಬೆವರು ಬಂದಿತ್ತು. ಯಮಾಹಾದವರೂ 2015ರಿಂದ ವಿಎಕ್ಸ್‌ಗೆ ಅಂಥದ್ದೇ ಬ್ರೇಕ್ ಕೊಟ್ಟಿದ್ದಾರೆ, ಆದರೆ ಆ ವರ್ಷದ ಗಾಡಿಗೆ ನನಗೆ ಎಂಟು ಲಕ್ಷದ ಕೆಳಗೆ ಯಾರೂ ಬೆಲೆ ಹೇಳಲಿಲ್ಲ.

ಮತ್ತೆ ವಿಎಕ್ಸ್ ಯಾಕೆ ಅಂತೀರಾ? ಬೇತುಲ್‌ನ ಆ ಮಿಸ್ತ್ರಿಯಿಂದಾಗಿ. ಅವನ ಜೀವನವೆಲ್ಲ ಯಮಾಹಾ ಔಟ್‌ಬೋರ್ಡ್‌ನಲ್ಲೇ ಕಳೆದಿದೆ. ಇದರ 1052 ಸಿಸಿ, ನಾಲ್ಕು ಸಿಲಿಂಡರಿನ ಇಂಜಿನ್ ನೋಡಿ ಅವನಿಗೆ ಹೆದರಿಕೆ ಇಲ್ಲ, ಸೀಟು ಎತ್ತಿದರೆ ಕೈ ಆಡಿಸಲು ಜಾಗವೂ ಇದೆ. ಸೇಫ್ಟಿ ಹಗ್ಗದ ತುದಿಯಲ್ಲಿ ಚಿಪ್ ಗಿಪ್ ಏನೂ ಇಲ್ಲ, ಸುಮ್ನೆ ಒಂದು ಪ್ಲಾಸ್ಟಿಕ್ ಕ್ಲಿಪ್. ಡಿಲಕ್ಸ್‌ಗೆ ಲಾಕ್ ಮಾಡುವ ರಿಮೋಟ್ ಬರುತ್ತದೆ, ಲಾಕ್ ಮಾಡಿ ರಿಮೋಟ್ ಕಳೆದರೆ ಇಲ್ಲೂ ಅದೇ ಗೋಳು. ನಾವು ಲಾಕ್ ಮಾಡುವುದೇ ಇಲ್ಲ, ಶೆಡ್ಡಿಗೆ ಬೀಗ ಹಾಕುತ್ತೇವೆ. ಗಾಡಿಗೆ 4 ಲಕ್ಷ 85 ಸಾವಿರ, ಬ್ಯಾಟರಿ, ಸೀಲು, ಆಯಿಲ್ ಅಂತ ಮೇಲೆ 38 ಸಾವಿರ. ಅಕ್ಕ ಸುಮ್ಮನಿದ್ದಾಳೆ.

ಉಪ್ಪಿನ ವಿಷಯಕ್ಕೆ ಒಂದೇ ಮದ್ದು, ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯುವುದು. ನಮ್ಮದು ಬಾವಿ ನೀರು, ಪೈಪ್ ಹಾಕಿ ಬಿಡುತ್ತೇನೆ. ಆದರೆ ಕ್ರಮ ಮುಖ್ಯ. ಮೊದಲು ಇಂಜಿನ್ ಸ್ಟಾರ್ಟ್, ಕೂಡಲೇ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಒಂದೆರಡು ಸಲ ರೇಸ್ ಮಾಡಿ ಉಳಿದ ನೀರು ಹೊರಹಾಕಿ, ಆಮೇಲೆ ಇಂಜಿನ್ ಬಂದ್. ಇಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ಎಕ್ಸಾಸ್ಟ್ ತುಂಬಿ ಸಿಲಿಂಡರಿಗೆ ಹಿಂದೆ ನುಗ್ಗುತ್ತದೆ. ಭಾವ ಒಂದು ಸಲ ಉಲ್ಟಾ ಮಾಡಲು ಹೊರಟಿದ್ದ, ಆ ದಿನದಿಂದ ಪೈಪ್ ನನ್ನ ಕೈಯಲ್ಲೇ.

ಸ್ಪಾರ್ಕ್ ಬಗ್ಗೆ ಹೇಳಿದರೆ, ಗೆಳೆಯನದು ಮೂರು ಸೀಟಿನ 90 ಎಚ್‌ಪಿ. ಹಗುರ, ಸಣ್ಣ ಕಾರಿಗೂ ಟ್ರೇಲರ್ ಕಟ್ಟಬಹುದು, 30 ಲೀಟರ್ ಟ್ಯಾಂಕು ನಿಧಾನಕ್ಕೆ ಖಾಲಿಯಾಗುತ್ತದೆ. ಒಬ್ಬನೇ ಹೋದರೆ ಇದಕ್ಕಿಂತ ಮಜಾ ಬೇರೆ ಇಲ್ಲ. ಮೂವರು ಕುಳಿತೆವೋ, ಶೇರ್ ಆಟೋದ ಹಿಂದಿನ ಸೀಟು. ನಿಂತಾಗ ಆ ಕಡೆ ಈ ಕಡೆ ತೂಗುತ್ತದೆ, ಹೆಂಡತಿ ಎರಡನೇ ಸಲ ಹತ್ತಲೇ ಇಲ್ಲ. ಇಂಜಿನ್ ಮುಟ್ಟಬೇಕೆಂದರೆ ಮೇಲಿನ ಹೊದಿಕೆಯನ್ನೇ ಬಿಚ್ಚಬೇಕು, ನನ್ನಂಥವನಿಗೆ ಅದು ಆಗಿಬರುವುದಿಲ್ಲ. ಮಕ್ಕಳಿಲ್ಲದ ಜೋಡಿಗೆ ಸರಿ.

ಕವಾಸಾಕಿ ಎಸ್‌ಟಿಎಕ್ಸ್-15ಎಫ್: ಗಟ್ಟಿ ಇಂಜಿನ್, 1498 ಸಿಸಿ, ಕೂರಲು ಆರಾಮ. ನಾನು ನೋಡಿದ ಗಾಡಿಯ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿತ್ತು, ಅಂದರೆ ನೀರು ಒಳಗೆ ಹೋಗಿದೆ. ಅಲ್ಲಿಂದಲೇ ವಾಪಸ್, ದಾದರ್‌ನಲ್ಲಿ ವಡಾಪಾವ್ ತಿಂದು ರಾತ್ರಿ ರೈಲು ಹತ್ತಿದೆ.

ಯಾವುದನ್ನೇ ಕೊಂಡರೂ ಮನೆಯವರನ್ನು ಕೂರಿಸುವ ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಇವು ತಿರುಗುವುದು ಹಿಂದಿನಿಂದ ಚಿಮ್ಮುವ ನೀರಿನ ಬಲದಿಂದ. ಎದುರಿಗೆ ದೋಣಿ ಬಂತೆಂದು ಗಾಬರಿಯಾಗಿ ಥ್ರೊಟಲ್ ಬಿಟ್ಟು ಹ್ಯಾಂಡಲ್ ತಿರುಗಿಸಿದರೆ ಗಾಡಿ ಬಹುಪಾಲು ನೇರವೇ ಹೋಗುತ್ತದೆ. ಸ್ವಲ್ಪ ಥ್ರೊಟಲ್ ಇಟ್ಟುಕೊಂಡೇ ತಿರುಗಿಸಬೇಕು, ಇದು ಬೈಕ್ ಓಡಿಸಿದ ಕೈಗೆ ಒಗ್ಗುವುದಿಲ್ಲ. ಮಗಳನ್ನು ಕೂರಿಸದೆ, ಯಾರೂ ಇಲ್ಲದ ನೀರಿನಲ್ಲಿ ಒಬ್ಬನೇ ನಾಲ್ಕು ದಿನ ಅಭ್ಯಾಸ ಮಾಡಿದೆ. ಹಿಂದೆ ಕುಳಿತವರು ಹಿಂದಕ್ಕೆ ಬಿದ್ದರೆ ಆ ಚಿಮ್ಮುವ ನೀರು ಮೈಯೊಳಗೆ ನುಗ್ಗಿ ಗಂಭೀರ ಗಾಯ ಆಗಬಹುದು, ಅದಕ್ಕೇ ಗಾಡಿಯ ಮೇಲಿನ ಸ್ಟಿಕರ್‌ನಲ್ಲೇ ವೆಟ್‌ಸೂಟ್ ಚಡ್ಡಿ ಹಾಕಿ ಅಂತ ಬರೆದಿರುತ್ತದೆ. ಸೆಕೆ ಆಗುತ್ತದೆ ಅಂತ ಮುಖ ಊದಿಸಿದರೂ ಹೆಂಡತಿ ಮಗಳು ಇಬ್ಬರಿಗೂ ತೊಡಿಸುತ್ತೇನೆ. ಪೆಟ್ರೋಲ್ ಹಾಕಿದ ಮೇಲೆ ಸೀಟು ಎತ್ತಿ ಗಾಳಿ ಆಡಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.

ಕಾಗದದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋವಾದಲ್ಲಿ ನೋಂದಣಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ. ವಿದೇಶದಿಂದ ಬಂದ ಗಾಡಿಯಾದರೆ ಕಸ್ಟಮ್ಸ್ ಬಿಲ್ ಕೇಳಿ, ಹಿಂಬದಿಯ ಹಲ್ (ಗಾಡಿಯ ಒಡಲು) ನಂಬರಿಗೂ ಅದಕ್ಕೂ ತಾಳೆ ನೋಡಿ.

ಮಳೆಗಾಲ ಇಲ್ಲಿಯ ಇನ್ನೊಂದು ಖರ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಮುಟ್ಟುವ ಹಾಗಿಲ್ಲ. ಬಂಕಿನಲ್ಲಿ ಈಗ ಸಿಗುವುದು 20% ಎಥನಾಲ್ ಇರುವ ಪೆಟ್ರೋಲ್, ಇಂಥ ಹಳೇ ಇಂಜಿನ್‌ಗಳ ಪುಸ್ತಕದಲ್ಲಿ ಬರೆದಿರುವುದು 10ರ ತನಕ ಮಾತ್ರ. ಎಥನಾಲ್ ನೀರು ಹೀರುತ್ತದೆ, ನಾಲ್ಕು ತಿಂಗಳು ಟ್ಯಾಂಕಿನಲ್ಲಿ ಬಿಟ್ಟರೆ ಗೋಳು. ನಾನು ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ ಆ ಪೆಟ್ರೋಲನ್ನು ಸ್ಕೂಟರಿಗೆ ಹಾಕಿಬಿಡುತ್ತೇನೆ, ಬ್ಯಾಟರಿ ಬಿಚ್ಚಿ ಅಂಗಡಿಗೆ ತರುತ್ತೇನೆ.

ಪುಣೆಯಿಂದ ಬಂದ ಆ ಹಳದಿ ಕೀ ಇನ್ನೂ ಅಂಗಡಿಯಲ್ಲಿ ತಾಮ್ರದ ತಂತಿಯ ಸುರುಳಿಗಳ ಪಕ್ಕ ಮೊಳೆಗೆ ನೇತಾಡುತ್ತಿದೆ. ಎಲ್ಲೋ ಒಬ್ಬರ ಸೀ-ಡೂ ಅದಿಲ್ಲದೆ ನಿಂತಿರಬಹುದು. ಮೊನ್ನೆ ಪಂಪ್ ರಿಪೇರಿಗೆ ಬಂದ ಗಿರಾಕಿಯೊಬ್ಬರು ಅದೇನೆಂದು ಕೇಳಿದರು. ಹೇಳಲು ಶುರು ಮಾಡಿದೆ, ಅರ್ಧಕ್ಕೆ ಬರುವಷ್ಟರಲ್ಲಿ ಅವರ ಪಂಪ್ ರೆಡಿಯಾಗಿತ್ತು.