ಆಪ್ಟಿಕಲ್, ಕೋಆಕ್ಸಿಯಲ್, ಎಚ್‌ಡಿಎಂಐ: ಆರು ವರ್ಷ ಮೂರನ್ನೂ ಬಳಸಿದ ಮೇಲೆ

ನಮ್ಮನೆ ತೀರ್ಥಹಳ್ಳಿ ಹತ್ರ. ಹಾಲ್‌ನಲ್ಲಿ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್ ನಡೆಸೋ ಆಂಪ್ಲಿಫೈಯರ್) ಇಟ್ಟು ಆರು ವರ್ಷ ಆಯ್ತು, ಅಷ್ಟರಲ್ಲಿ ಅದಕ್ಕೆ ಸೌಂಡ್ ತರೋ ಮೂರೂ ಥರದ ಡಿಜಿಟಲ್ ಕೇಬಲ್ ಹಾಕಿ ನೋಡಿದೀನಿ. ಯಾವ್ದು ತಗೊಳ್ಳೋದು ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಬರೀತಿದೀನಿ.

ಮೊದ್ಲು ಹಾಕಿದ್ದು ಕೋಆಕ್ಸಿಯಲ್. ಮನೇಲಿ ಬಿದ್ದಿದ್ದ ಹಳದಿ ವಿಡಿಯೋ ಕೇಬಲ್ಲೇ ಸಾಕಾಯ್ತು, ಅದೂ ಕೋಆಕ್ಸಿಯಲ್‌ಗೆ ಬೇಕಾದ 75 ಓಮ್‌ದೇ, ಡಿವಿಡಿ ಪ್ಲೇಯರ್‌ನಿಂದ ಒಂದೂವರೆ ಮೀಟರ್‌ಗೆ ಏನೂ ತೊಂದ್ರೆ ಇರ್ಲಿಲ್ಲ. ಅದನ್ನೇ ಡಿಶ್‌ನ ಸೆಟ್‌ಟಾಪ್ ಬಾಕ್ಸ್‌ಗೆ ಚುಚ್ಚಿದ ತಕ್ಷಣ ಸಬ್‌ವೂಫರ್‌ನಿಂದ ಗುಂಯ್ ಅಂತ ಸದ್ದು ಶುರು. ತಾಮ್ರದ ತಂತಿ ಅಲ್ವಾ, ಮನೆ ಅರ್ಥಿಂಗು ಮೇಲಿನ ಡಿಶ್ ಕಡೆ ಅರ್ಥಿಂಗು ಎರಡೂ ಅದರ ಮೂಲಕ ಸೇರ್ಕೊಂಡು ಲೂಪ್ ಆಗ್ಬಿಡುತ್ತೆ, ಅದರಲ್ಲಿ ಹರಿಯೋ ಕರೆಂಟೇ ಆ ಗುಂಯ್ ಸದ್ದು.

ಆಪ್ಟಿಕಲ್ ಹಾಕಿದ್ಮೇಲೆ ಆ ಸದ್ದು ಪೂರ್ತಿ ಹೋಯ್ತು, ಯಾಕಂದ್ರೆ ಅದರೊಳಗೆ ಹೋಗೋದು ಕೆಂಪು ಬೆಳಕು, ಕರೆಂಟ್ ಅಲ್ಲ. 1983ರಲ್ಲಿ ತೋಷಿಬಾದವ್ರು ಸಿಡಿ ಪ್ಲೇಯರ್‌ಗೆ ಅಂತ ತಂದಿದ್ದು ಇದು, ಅದಕ್ಕೇ ಟಾಸ್‌ಲಿಂಕ್ ಅನ್ನೋ ಹೆಸರು. ಅಂಗಡೀಲಿ ಚಿನ್ನದ ಲೇಪನದ್ದು ತೋರಿಸ್ತಾರೆ, ದಯವಿಟ್ಟು ತಗೋಬೇಡಿ, ಬೆಳಕಿಗೆ ಚಿನ್ನದಿಂದ ಏನೂ ಉಪಯೋಗ ಇಲ್ಲ. ಮಾಮೂಲಿ ಕೇಬಲ್ಲೇ ಸಾಕು, ಆದ್ರೆ ಬಗ್ಗಿಸೋವಾಗ ಹುಷಾರು. ಒಂದ್ಸಲ ಟಿವಿ ಸ್ಟ್ಯಾಂಡ್ ಗೋಡೆಗೆ ಒತ್ತಿ ತಳ್ಳಿದ್ದಕ್ಕೆ ಕೇಬಲ್ ಮಡಚ್ಕೊಂಡು ಸೌಂಡ್ ತುಂಡು ತುಂಡಾಗಿ ಬರ್ತಿತ್ತು, ಬೇರೆ ತರಿಸ್ಬೇಕಾಯ್ತು.

ಇನ್ನೊಂದು, ಟಿವಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಸೌಂಡನ್ನ ಟಿವಿನೇ ಬಿಡಿಸಿ ಕಳಿಸೋದು) ಅಂತ ಇದ್ರೆ ಆಪ್ಟಿಕಲ್‌ನಲ್ಲಿ ಬರೀ ಎರಡು ಚಾನೆಲ್ ಬರುತ್ತೆ, ಅದನ್ನ ಬಿಟ್‌ಸ್ಟ್ರೀಮ್ (ರಿಸೀವರ್ ಬಿಡಿಸ್ಕೊಳ್ಳೋ ಹಾಗೆ ಪ್ಯಾಕ್ ಮಾಡಿದ್ದನ್ನೇ ಕಳಿಸೋದು) ಮಾಡಿದ್ರೇನೇ 5.1 ಡಾಲ್ಬಿ ಬರೋದು. ಹಿಂದಿನ ಸ್ಪೀಕರ್ ಕೆಟ್ಟಿದೆ ಅಂತ ನಾನು ಎರಡು ತಿಂಗಳು ಒದ್ದಾಡಿದೀನಿ ಇದಕ್ಕೇ.

ಮೂರು ವರ್ಷದ ಕೆಳಗೆ ಏಪ್ರಿಲ್‌ನಲ್ಲಿ ಸಂಜೆ ಗುಡುಗು ಸಿಡಿಲು ಜೋರಿತ್ತು. ಎಲ್ಲಾ ಪ್ಲಗ್ ಕಿತ್ತಿದ್ವಿ, ಡಿಶ್ ವೈರ್ ಒಂದು ಮರ್ತೋಗಿತ್ತು. ಸೆಟ್‌ಟಾಪ್ ಬಾಕ್ಸ್ ಹೋಯ್ತು, ಅಲ್ಲಿಂದ ಎಚ್‌ಡಿಎಂಐನಲ್ಲಿ ಹೋಗಿ ಟಿವಿ ಬೋರ್ಡೂ ಹೋಯ್ತು, ಆದ್ರೆ ಟಿವಿಯಿಂದ ರಿಸೀವರ್‌ಗೆ ಇದ್ದಿದ್ದು ಆಪ್ಟಿಕಲ್ ಮಾತ್ರ, ರಿಸೀವರ್‌ಗೆ ಒಂಚೂರೂ ಏನಾಗ್ಲಿಲ್ಲ. ಮಲೆನಾಡಲ್ಲಿ ಇರೋರು ಇದನ್ನ ಗಮನಿಸ್ಬೇಕು ಅನ್ನೋದೇ ನನ್ನ ಆಸೆ, ಸೌಂಡ್ ಕ್ವಾಲಿಟಿಗಿಂತ ಮೊದ್ಲು.

ಹೊಸ ಟಿವಿಲಿ ಎಆರ್‌ಸಿ (ಟಿವಿ ಸೌಂಡನ್ನ ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಕಳಿಸೋ ವ್ಯವಸ್ಥೆ) ಇತ್ತು, ರಿಸೀವರ್‌ನಲ್ಲಿ ಮೊದ್ಲಿಂದ್ಲೂ ಇತ್ತು, ಹಾಗಾಗಿ ಎಚ್‌ಡಿಎಂಐಗೆ ಬಂದೆ. ಎರಡೂ ಕಡೆ ಎಆರ್‌ಸಿ ಅಂತ ಬರೆದಿರೋ ಪೋರ್ಟ್‌ಗೇ ಹಾಕ್ಬೇಕು, ಬೇರೆದಕ್ಕೆ ಹಾಕಿದ್ರೆ ಸದ್ದೇ ಬರಲ್ಲ. ಅಮ್ಮನಿಗೆ ಇದು ತುಂಬಾ ಇಷ್ಟ ಆಯ್ತು, ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್, ರಿಸೀವರ್ ತಾನೇ ಆನ್ ಆಗುತ್ತೆ. ಓಟಿಟಿಯ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ನೇರ ಹೋಗುತ್ತೆ, ಆಪ್ಟಿಕಲ್‌ನಲ್ಲಿ ಅದು ಹೋಗಲ್ಲ, ಟಿವಿ ಅದನ್ನ ಮಾಮೂಲಿ ಡಾಲ್ಬಿಗೆ ಇಳಿಸಿ ಕಳಿಸುತ್ತೆ. ನಮ್ಮ 5.1ರಲ್ಲಿ ಕೇಳೋಕೆ ಎರಡಕ್ಕೂ ನನಗೆ ವ್ಯತ್ಯಾಸ ಸಿಗ್ಲಿಲ್ಲ. ಅಟ್ಮೋಸ್ (ತಲೆ ಮೇಲಿಂದ್ಲೂ ಸೌಂಡ್ ಬರೋ ಡಾಲ್ಬಿ) ಸ್ಪೀಕರ್ ಇರೋರಿಗೆ ಮಾತ್ರ ಎಚ್‌ಡಿಎಂಐ ಬಿಟ್ರೆ ದಾರಿ ಇಲ್ಲ, ಬ್ಲೂ ರೇ ಡಿಸ್ಕ್‌ನ ಪೂರ್ತಿ ಸೌಂಡ್ ಟಿವಿ ಮೂಲಕ ಬೇಕಂದ್ರೆ ಎಆರ್‌ಸಿಯ ಹೊಸ ರೂಪ ಇ-ಎಆರ್‌ಸಿನೇ ಬೇಕು. ತಿಂಗಳಿಗೆ ಒಂದೆರಡು ಸಲ ಸದ್ದು ಬರ್ದೇ ನಿಂತ್ಬಿಡುತ್ತೆ, ಟಿವಿ ಪ್ಲಗ್ ಕಿತ್ತು ಹಾಕಿದ್ರೆ ಸರಿಹೋಗುತ್ತೆ.

ಹಳೇ ಆಪ್ಟಿಕಲ್ ಎಸೆದಿಲ್ಲ, ತುದಿಗೆ ಕ್ಯಾಪ್ ಹಾಕಿ ಸ್ಟ್ಯಾಂಡ್ ಹಿಂದೇನೇ ಇಟ್ಟಿದೀನಿ. ಯುಗಾದಿ ಕಳೆದು ಗುಡುಗು ಶುರುವಾದ್ರೆ ಎಚ್‌ಡಿಎಂಐ ಕಿತ್ತು ಅದನ್ನ ಹಾಕ್ತೀನಿ, ಮಳೆಗಾಲ ಹಿಡಿದು ಸಿಡಿಲು ಕಮ್ಮಿ ಆದ್ಮೇಲೆ ಮತ್ತೆ ಬದಲಾಯಿಸ್ತೀನಿ. ಆ ಎರಡು ತಿಂಗಳು ಅಮ್ಮ ಎರಡು ರಿಮೋಟ್ ಹಿಡ್ಕೋತಾರೆ.