ಜೆಹಿಪ್‌ಸ್ಟರ್ ದೀರ್ಘ ಬಳಕೆಯ ವಿಮರ್ಶೆ: ಎರಡನೆಯ ಬಾರಿ ಕೋಡ್ ಹುಟ್ಟಿಸುವಾಗ

ಕಾಲೇಜು ಗ್ರಂಥಾಲಯಗಳಿಗೆ ತಂತ್ರಾಂಶ ಮಾಡಿಕೊಡುವ ನಮ್ಮ ಸಣ್ಣ ತಂಡಕ್ಕೆ ಹೆಚ್ಚು ಕೋಡ್ ಬರೆಯದೆ ತಂತ್ರಾಂಶ ಕಟ್ಟಲು ನೆರವಾಗುವ ಲೋ-ಕೋಡ್ ವೇದಿಕೆಗಳ ವಾರ್ಷಿಕ ಶುಲ್ಕ ಎಟುಕುವಂಥದ್ದಲ್ಲ. ಅಪಾಚೆ 2.0 ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ ಎಂಬ ಕಾರಣಕ್ಕೇ ನಾವು ಜೆಹಿಪ್‌ಸ್ಟರ್ ಹಿಡಿದೆವು. ದತ್ತಾಂಶದ ಮಾದರಿಯೊಂದನ್ನು ಬರೆದುಕೊಟ್ಟರೆ ಅದರಿಂದ ಕೋಡನ್ನು ತಾನೇ ಹುಟ್ಟಿಸುವ ಉಪಕರಣ ಇದು.

ಹೊಸ ಕೆಲಸ ಬಂದಾಗಲೆಲ್ಲ ನಾನು ಮೊದಲು ತೆರೆಯುವುದು ಆ ಮಾದರಿಯನ್ನು ಬರೆಯುವ ಜಾಲತಾಣವಾದ ಜೆಡಿಎಲ್ ಸ್ಟುಡಿಯೋ. ಎಡಗಡೆ ಪುಸ್ತಕ, ಸದಸ್ಯ, ಎರವಲು ಎಂದು ಎಂಟಿಟಿಗಳನ್ನು (ಮಾಹಿತಿ ಇಡಬೇಕಾದ ವಿಷಯಗಳನ್ನು) ಬರೆಯುತ್ತ ಹೋದಂತೆ ಬಲಗಡೆ ಚೌಕಗಳೂ ಅವನ್ನು ಜೋಡಿಸುವ ಗೆರೆಗಳೂ ಮೂಡುತ್ತವೆ. ಗ್ರಂಥಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರ ತೋರಿಸುವುದು ನನಗೆ ಬಹಳ ಇಷ್ಟದ ಕೆಲಸ. ಕೋಡ್ ಓದಲು ಬಾರದವರೂ ಗೆರೆಯ ಮೇಲೆ ಬೆರಳಿಟ್ಟು, “ಒಂದೇ ಪುಸ್ತಕದ ಹತ್ತು ಪ್ರತಿ ಇರುತ್ತವಲ್ಲ ಸರ್, ಎರವಲು ಹೋಗುವುದು ಪ್ರತಿ ತಾನೆ?” ಎಂದು ತಿದ್ದುತ್ತಾರೆ. ಆ ಒಂದು ಮಾತಿಗೆ ಮಾದರಿಯಲ್ಲಿ ಇನ್ನೊಂದು ಚೌಕ ಸೇರುತ್ತದೆ. ಬಳಿಕ ಒಂದು ಆದೇಶ ಕೊಟ್ಟರೆ ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ಸರ್ವರ್, ಡೇಟಾಬೇಸನ್ನು ಓದಿ ಬರೆಯುವ ರೆಪೊಸಿಟರಿ, ಬೇರೆ ತಂತ್ರಾಂಶಗಳು ಸರ್ವರನ್ನು ಮಾತಾಡಿಸುವ ರೆಸ್ಟ್ ಎಪಿಐ, ಪರೀಕ್ಷೆಗಳು, ಡೇಟಾಬೇಸಿನಲ್ಲಿ ಟೇಬಲ್ ಕಟ್ಟುವ ಲಿಕ್ವಿಬೇಸ್ ಕಡತ, ಎಲ್ಲವೂ ಸಿದ್ಧ. ಸಿಗುವುದು ಯಾರು ಬೇಕಾದರೂ ಓದಬಹುದಾದ ಸಾಮಾನ್ಯ ಜಾವಾ. ನಾಳೆ ಈ ಉಪಕರಣವನ್ನು ಬಿಟ್ಟರೂ ಸರ್ವರ್ ನಡೆಯುತ್ತದೆ.

ತೊಡಕು ಎದುರಾಗುವುದು ಮಾದರಿ ಬದಲಾದಾಗ. ದಂಡ ಬಾಕಿಯಿರುವ ಸದಸ್ಯರಿಗೆ ಪುಸ್ತಕ ಕೊಡಬಾರದೆಂಬ ನಿಯಮವನ್ನು ಹುಟ್ಟಿಬಂದ ಕಡತದೊಳಗೇ ಬರೆದಿದ್ದರೆ, ಎರವಲಿಗೆ ಒಂದು ಹೊಸ ಕಾಲಂ ಸೇರಿಸಿ ಮತ್ತೆ ಕೋಡ್ ಹುಟ್ಟಿಸುವಾಗ ಆ ನಿಯಮವೇ ಅಳಿಸಿಹೋಗುವ ಅಪಾಯವಿದೆ. ಹಳೆಯದರ ಮೇಲೆ ಬರೆಯಲೇ ಎಂದು ಉಪಕರಣ ಪ್ರತಿ ಕಡತಕ್ಕೂ ಕೇಳುತ್ತದೆ, ನಿಜ. ಆದರೆ ‘ಡಿ’ ಒತ್ತಿ ವ್ಯತ್ಯಾಸಗಳನ್ನು ಒಂದೊಂದಾಗಿ ಓದುವ ತಾಳ್ಮೆ ಸಂಜೆಯ ಹೊತ್ತಿಗೆ ಯಾರಿಗೂ ಉಳಿದಿರುವುದಿಲ್ಲ. ಇದಕ್ಕಿಂತ ಬೇಸರದ ಸಂಗತಿ ಡೇಟಾಬೇಸಿನದು. ಮೊದಲಿನ ಲಿಕ್ವಿಬೇಸ್ ಕಡತವೇ ತಿದ್ದಲ್ಪಡುವುದರಿಂದ, ಕಡತ ಬದಲಾಗಿಲ್ಲವೆಂದು ಖಚಿತಪಡಿಸಲು ಡೇಟಾಬೇಸಿನಲ್ಲಿ ಈಗಾಗಲೇ ದಾಖಲಾದ ಗುರುತು, ಅಂದರೆ ಚೆಕ್‌ಸಮ್, ಹೊಂದದೆ ಸರ್ವರ್ ಏಳುವುದೇ ಇಲ್ಲ.

ನಮ್ಮ ನಿಯಮಗಳನ್ನೆಲ್ಲ ಪ್ರತ್ಯೇಕ ಕ್ಲಾಸುಗಳಿಗೆ ಸಾಗಿಸಿ, ಹುಟ್ಟಿಬಂದ ಕಡತಗಳನ್ನು ಮುಟ್ಟದೆ ಬಿಡುವ ಕ್ರಮ ರೂಢಿಯಾದ ಮೇಲೆ ನನ್ನ ಅಸಮಾಧಾನ ಬಹಳ ಮಟ್ಟಿಗೆ ಕರಗಿತು. ಬದಲಾವಣೆಗಳನ್ನಷ್ಟೇ ಪ್ರತ್ಯೇಕವಾಗಿ ಬರೆದಿಡುವ ಇನ್‌ಕ್ರಿಮೆಂಟಲ್ ಚೇಂಜ್‌ಲಾಗ್ ಆಯ್ಕೆಯನ್ನು ಮೊದಲ ದಿನವೇ ಹಾಕಿಟ್ಟರೆ ಹೊಸ ಕಾಲಮ್ಮಿಗೆ ಬೇರೆಯೇ ಕಡತ ಸೃಷ್ಟಿಯಾಗಿ, ಹಳೆಯ ದತ್ತಾಂಶ ಇದ್ದಲ್ಲೇ ಇರುತ್ತದೆ. ಹೊಸದಾಗಿ ಶುರುಮಾಡುವವರು ಇದೊಂದನ್ನು ಮರೆಯಬಾರದು.